ಬಲಪಕ್ಕೆ ನೋವು, ಸ್ಕ್ಯಾನ್‌ನಲ್ಲಿ ಕಲ್ಲಿಲ್ಲ

ಜಿಲ್ಲಾ ಆಸ್ಪತ್ರೆಯೊಂದರ ಕ್ಯಾಶುವಾಲಿಟಿಯಲ್ಲಿ ರಾತ್ರಿ ಪಾಳಿ ಮಾಡುವ ವೈದ್ಯೆ ನಾನು. ಹೊಸದಾಗಿ ಡ್ಯೂಟಿಗೆ ಬರುವ ಹೌಸ್ ಸರ್ಜನ್‌ಗಳಿಗೆ ಮೊದಲ ವಾರದಲ್ಲೇ ಹೇಳಿಕೊಡುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಲೈಂಗಿಕ ಸೋಂಕು ಎಂದರೆ ಚರ್ಮರೋಗದ ಒಪಿಡಿಗೆ ಹೋಗುವ ಕೇಸು ಎಂದುಕೊಂಡಿರುತ್ತೇವೆ. ರಾತ್ರಿ ಎರಡು ಗಂಟೆಗೆ ಅದೇ ಸೋಂಕು ಪಕ್ಕೆ ನೋವಾಗಿ, ಊದಿದ ಮಣಿಕಟ್ಟಾಗಿ, ಮಂಜಾದ ಕಣ್ಣಾಗಿ ನಮ್ಮ ಮುಂದೆ ಕೂತಿರುತ್ತದೆ.

ನನಗೆ ಇದನ್ನು ಕಲಿಸಿದ್ದು 24 ವರ್ಷದ ಒಬ್ಬಾಕೆ. ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಒತ್ತಿ ಹಿಡಿದು ಅತ್ತೆಯ ಜೊತೆ ಬಂದಿದ್ದಳು. ಉಸಿರು ಎಳೆದರೆ ಚುಚ್ಚುತ್ತದೆ ಎಂದಳು. ಸ್ಕ್ಯಾನ್‌ನಲ್ಲಿ ಪಿತ್ತಕೋಶ ಸರಿಯಿತ್ತು, ಲಿವರ್ ಪರೀಕ್ಷೆಯೂ ಸರಿಯಿತ್ತು. ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ಸಿಸ್ಟರ್ ಅತ್ತೆಯನ್ನು ಔಷಧಿ ತರಲು ಕೌಂಟರಿಗೆ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ಆಕೆ ಹೇಳಿದಳು: "ಮೇಡಂ, ಹದಿನೈದು ದಿನದಿಂದ ಬಿಳಿ ಹೋಗ್ತಿದೆ. ಕಿಬ್ಬೊಟ್ಟೆನೂ ನೋಯುತ್ತೆ." ಮೊದಲ ಸಲ ನಾನು ಹೊಕ್ಕುಳಿನ ಕೆಳಗೆ ಕೈಯಿಟ್ಟೇ ಇರಲಿಲ್ಲ.

ಅದು ಫಿಟ್ಜ್‌-ಹ್ಯೂ–ಕರ್ಟಿಸ್ ಸಿಂಡ್ರೋಮ್. ಕ್ಲಮೈಡಿಯ ಅಥವಾ ಗೊನೋರಿಯ ಎಂಬ ಲೈಂಗಿಕ ಸೋಂಕು ಗರ್ಭಕೋಶ, ಅಂಡನಾಳಗಳನ್ನು ದಾಟಿ ಮೇಲೇರಿ ಲಿವರಿನ ಹೊರಪೊರೆಗೆ ಉರಿಯೂತ ತರುತ್ತದೆ. ಕೆಡುವುದು ಪೊರೆ, ಒಳಗಿನ ಲಿವರ್ ಅಲ್ಲ. ಅದಕ್ಕೇ ಲಿವರ್ ಪರೀಕ್ಷೆಯ ಎಸ್‌ಜಿಒಟಿ, ಎಸ್‌ಜಿಪಿಟಿ ಕಿಣ್ವಗಳು ಸಾಮಾನ್ಯವಾಗಿ ಏರುವುದಿಲ್ಲ. ಲ್ಯಾಪರೋಸ್ಕೋಪಿ ಮಾಡಿದರೆ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದರೆ, ಪಿಟೀಲಿನ ತಂತಿಯಂಥ ಎಳೆಗಳು ಕಾಣುತ್ತವೆ, ಆದರೆ ಅಷ್ಟು ದೂರ ಹೋಗಬೇಕಾದ ಪ್ರಸಂಗ ಕಡಿಮೆ.

ಹಾಗಾಗಿ ಹೆರುವ ವಯಸ್ಸಿನ ಹೆಣ್ಣುಮಗಳು ಬಲಪಕ್ಕೆ ನೋವೆಂದು ಬಂದರೆ ಮೊದಲು ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡಿ. ಗರ್ಭ ನಾಳದಲ್ಲಿ ನಿಂತು ಒಡೆದಿದ್ದರೆ ಉಳಿದ ಯೋಚನೆಗೆ ಸಮಯವಿರುವುದಿಲ್ಲ. ಆಮೇಲೆ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. "ಎಲ್ಲ ಹೆಂಗಸರಿಗೂ ಕೇಳುವುದನ್ನೇ ಕೇಳ್ತೀನಮ್ಮ" ಎಂದು ಶುರುಮಾಡಿ; ಬಿಳಿ ಹೋಗುವುದು, ಮುಟ್ಟಿನ ನಡುವೆ ರಕ್ತ, ಕೂಡುವಾಗ ನೋವು, ಇವನ್ನು ಅವರ ಮಾತಿನಲ್ಲೇ ಕೇಳಿ. ಒಪ್ಪಿಗೆ ಪಡೆದು, ಸಿಸ್ಟರ್ ಪಕ್ಕದಲ್ಲಿರುವಾಗ ಒಳಪರೀಕ್ಷೆ ಮಾಡಿ. ಗರ್ಭಕಂಠವನ್ನು ಬೆರಳಿನಿಂದ ಆಚೀಚೆ ಸರಿಸಿದಾಗ ಆಕೆ ನೋವಿಗೆ ಸೊಂಟ ಎತ್ತಿದರೆ, ಕೆಳಗಿನ ಸೋಂಕಿಗೂ ಮೇಲಿನ ನೋವಿಗೂ ನಂಟಿದೆ ಎಂದು ತಿಳಿಯಿರಿ. ಹತ್ತಿಕಡ್ಡಿಯಲ್ಲಿ ತೆಗೆದ ಸ್ರಾವದ ಮಾದರಿಯನ್ನು (ಸ್ವಾಬ್) ಕಳಿಸಿ, ವರದಿಗೆ ಕಾಯದೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಡಾಕ್ಸಿಸೈಕ್ಲಿನ್, ಮೆಟ್ರೊನಿಡಜೋಲ್ ಮಾತ್ರೆ, ಈ ಮೂರು ಆಂಟಿಬಯೋಟಿಕ್ ಶುರುಮಾಡಿ. ಮಾತ್ರೆಗಳು 14 ದಿನ. ಗರ್ಭಿಣಿಯಾಗಿದ್ದರೆ, ವಾಂತಿ ನಿಲ್ಲದಿದ್ದರೆ, ಅಂಡಾಶಯದ ಬಳಿ ಕೀವುಗಟ್ಟಿದ್ದರೆ ಮನೆಗೆ ಕಳಿಸಬೇಡಿ, ಸ್ತ್ರೀರೋಗ ವಿಭಾಗಕ್ಕೆ ದಾಖಲು ಮಾಡಿ.

ಮಣಿಕಟ್ಟಿನ ಕಥೆ ಬೇರೆ. ಮಳೆಗಾಲದಲ್ಲಿ ಜ್ವರ, ಕೀಲುನೋವು ಎಂದರೆ ನಮ್ಮ ಕೈ ತಾನಾಗಿ ಚಿಕೂನ್‌ಗುನ್ಯಾ ಎಂದು ಬರೆದುಬಿಡುತ್ತದೆ. ನೋವು ಒಂದು ಕೀಲಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ, ಬೆರಳು ಮಡಚಿದಾಗ ಕೈಯ ಹಿಂಬದಿಯ ಸ್ನಾಯುರಜ್ಜುಗಳ ಉದ್ದಕ್ಕೂ ಎಳೆದಂತಾದರೆ, ಅಂಗೈ, ಪಾದಗಳನ್ನು ದೀಪದ ಕೆಳಗೆ ತಿರುಗಿಸಿ ನೋಡಿ. ಕೆಂಪು ಬುಡದ, ಎಣಿಸಬಹುದಾದಷ್ಟೇ ಕೀವುಗುಳ್ಳೆಗಳು ಕಂಡರೆ ಗೊನೋರಿಯ ರಕ್ತಕ್ಕೆ ಹರಡಿರಬಹುದು. ಇಂಥವರಲ್ಲಿ ಬಹುಪಾಲು ಜನಕ್ಕೆ ಕೆಳಗೆ ಉರಿಯೂ ಇರುವುದಿಲ್ಲ, ಸ್ರಾವವೂ ಇರುವುದಿಲ್ಲ. ರಕ್ತವನ್ನೂ ಕೀಲಿನ ನೀರನ್ನೂ ಲ್ಯಾಬಿನಲ್ಲಿ ಕಲ್ಚರ್‌ಗೆ ಇಟ್ಟರೂ ಎಷ್ಟೋ ಸಲ ಬ್ಯಾಕ್ಟೀರಿಯ ಬೆಳೆಯುವುದಿಲ್ಲ. ಗಂಟಲು, ಗುದದ್ವಾರ, ಜನನಾಂಗ ಮೂರರಿಂದಲೂ ಸ್ವಾಬ್ ತೆಗೆಯಿರಿ. ಅದನ್ನು ಫ್ರಿಜ್‌ನಲ್ಲಿಟ್ಟರೆ ಈ ಬ್ಯಾಕ್ಟೀರಿಯ ಸಾಯುತ್ತದೆ. ಲ್ಯಾಬಿನವರಿಗೆ ಮೊದಲೇ ಫೋನ್ ಮಾಡಿ ಹೇಳಿ, ಕೈಯಲ್ಲೇ ಕಳಿಸಿ. ಸೆಫ್ಟ್ರಿಯಾಕ್ಸೋನ್ ದಿನಕ್ಕೆ 1 ಗ್ರಾಂ. ಚಿಕಿತ್ಸೆ ಒಟ್ಟು ಕನಿಷ್ಠ ಏಳು ದಿನ.

ಕಣ್ಣು ಮಂಜಾಗಿ ಕೆಂಪಾದವರಿಗೆ, ಒಮ್ಮೆಲೇ ಕಿವಿ ಕೇಳದಾದವರಿಗೆ, ಕಿರಿವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದವರಿಗೆ ಸಿಫಿಲಿಸ್ ಪರೀಕ್ಷೆ ಬರೆಯಿರಿ. ವಿಡಿಆರ್‌ಎಲ್ ಎಂಬ ಆ ರಕ್ತಪರೀಕ್ಷೆ ನೆಗೆಟಿವ್ ಬಂದರೂ ಅನುಮಾನ ಉಳಿದಿದ್ದರೆ ಸೀರಮ್ ತೆಳುಮಾಡಿ ಮತ್ತೆ ನೋಡಲು ಲ್ಯಾಬಿಗೆ ಹೇಳಿ. ಪ್ರತಿಕಾಯ ವಿಪರೀತ ಇದ್ದಾಗಲೂ ಪರೀಕ್ಷೆ ಸುಳ್ಳು ಹೇಳುತ್ತದೆ. ಕಣ್ಣಿಗೆ ಬಂದ ಸಿಫಿಲಿಸ್‌ಗೆ ಸೊಂಟಕ್ಕೆ ಹಾಕುವ ಒಂದು ಇಂಜೆಕ್ಷನ್ ಸಾಲದು, ನರಮಂಡಲದ ಸಿಫಿಲಿಸ್‌ನಂತೆ 10ರಿಂದ 14 ದಿನ ರಕ್ತನಾಳದ ಮೂಲಕ ಪೆನಿಸಿಲಿನ್ ಬೇಕು. ಮೂತ್ರ ಕಟ್ಟಿ ಬಂದ ಯುವಕ, ಯುವತಿಯರಿಗೆ ಕ್ಯಾತಿಟರ್ ಹಾಕುವ ಮುನ್ನ ಪೃಷ್ಠದ ಸುತ್ತ ಹರ್ಪಿಸ್ ಗುಳ್ಳೆಗಳಿವೆಯೇ ನೋಡಿ. ಆ ವೈರಸ್ ಸೊಂಟದ ಕೆಳಗಿನ ನರಮೂಲಗಳಿಗೆ ಹಬ್ಬಿದರೂ ಮೂತ್ರ ನಿಲ್ಲುತ್ತದೆ.

ಗಂಡನಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಸೋಂಕು ಮರಳುತ್ತದೆ. ಆದರೆ ಯಾರಿಂದ ಯಾರಿಗೆ ಎಂಬ ಪ್ರಶ್ನೆಗೆ ಕ್ಯಾಶುವಾಲಿಟಿಯಲ್ಲಿ ಉತ್ತರ ಕೊಡಬೇಡಿ. ಕ್ಲಮೈಡಿಯ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿರಬಲ್ಲದು, ನಮ್ಮ ಒಂದು ಮಾತಿಗೆ ಆಕೆ ತವರು ಸೇರಬೇಕಾದೀತು. ಹುಡುಗಿಗೆ 18 ತುಂಬಿರದಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಎಚ್‌ಐವಿ ಪರೀಕ್ಷೆಗೆ ಒಪ್ಪಿಗೆ ಬೇಕೇ ಬೇಕು. ಬೆಳಿಗ್ಗೆ ಐಸಿಟಿಸಿಗೆ (ಎಚ್‌ಐವಿ ಸಮಾಲೋಚನೆ, ಪರೀಕ್ಷಾ ಕೇಂದ್ರ), ಲೈಂಗಿಕ ಸೋಂಕಿನ ಸುರಕ್ಷಾ ಕ್ಲಿನಿಕ್‌ಗೆ ಹೋಗಲು ಹೇಳುವಾಗ ನಾನು ಚೀಟಿಯಲ್ಲಿ ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ, ಕೋಣೆಯ ಸಂಖ್ಯೆಯನ್ನಷ್ಟೇ ಬರೆಯುತ್ತೇನೆ. ಅತ್ತೆ ಓದಿದರೂ ಅದು ಬರೀ ಒಂದು ಸಂಖ್ಯೆ.