ಬಿಸಿ ಎಲ್ಲಿ ಹೋಯ್ತು? ಮಾಯದ ಕೊಡಕ್ಕೆ ವಿಜ್ಞಾನ ಹೊಂದಿಸಿದ ನನ್ನ ಅನುಭವ

2019ರಲ್ಲಿ ನನ್ನ ಮೊದಲ ವೈಜ್ಞಾನಿಕ ಕಾದಂಬರಿ 300 ಪ್ರತಿ ಹಾಕಿಸಿದ್ದೆ. ಅದರಲ್ಲಿ ನೂರನಲವತ್ತರ ಹತ್ತಿರ ಇವತ್ತಿಗೂ ನಮ್ಮ ಅಂಗಡಿಯಲ್ಲೇ ಇವೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಡಿಟಿಪಿ, ಝರಾಕ್ಸ್ ಅಂಗಡಿ. ಹಳೇ ಮಷೀನಿನ ಒಂದು ಕಾಲು ಗಿಡ್ಡ, ಅದರಡಿಗೆ ಎರಡು ಪ್ರತಿ ಸರಿಯಾಗಿ ಕೂತಿವೆ. ಲುಕ್ಸಾನು ಹೆಚ್ಚುಕಮ್ಮಿ 32 ಸಾವಿರ.

ಯಾಕೆ ಬಿತ್ತು ಅಂತ ಹೇಳಿದವರು ಸೇಡಂ ಕಡೆಯ ಒಬ್ಬ ಓದುಗರು. ಫೋನ್ ಮಾಡಿ, "ಸರ್, ಈ ಕ್ವಾಂಟಮ್ ಅಂದ್ರ ಮಂತ್ರ ಏನ್ರಿ?" ಅಂದರು. ಸಿಟ್ಟು ಬಂತು. ರಾತ್ರಿ ಅಂಗಡಿ ಶಟರ್ ಅರ್ಧ ಎಳೆದು ಫೈಲ್ ತೆಗೆದೆ. ಫೈಂಡ್-ರಿಪ್ಲೇಸ್‌ನಲ್ಲಿ 'ಕ್ವಾಂಟಮ್' ಇದ್ದಲ್ಲೆಲ್ಲ 'ಮಂತ್ರ' ಹಾಕಿದೆ. ನಲವತ್ತೊಂದು ಕಡೆ ಬದಲಾಯಿತು. ಮೊದಲಿಂದ ಓದಿದೆ. ಒಂದೇ ಒಂದು ವಾಕ್ಯ ಮುರಿಯಲಿಲ್ಲ. ಎರಡು ಕಡೆಯಂತೂ ಮೊದಲಿಗಿಂತ ಚೆನ್ನಾಗಿತ್ತು.

ಅವತ್ತಿನಿಂದ ನನ್ನ ಬರಹಕ್ಕೆ ಇದೇ ಪರೀಕ್ಷೆ. ನ್ಯಾನೋ, ಪ್ಲಾಸ್ಮಾ, ತರಂಗ, ಏನೇ ಇರಲಿ, ತೆಗೆದು ಮಂತ್ರ ಹಾಕುತ್ತೇನೆ. ಕಥೆ ಅಲ್ಲಾಡದಿದ್ದರೆ ಆ ವಿವರಣೆ ಬರೀ ಬಣ್ಣ. ನೀವೂ ಇಂಥ ಕಥೆ ಬರೆಯುವವರಾದರೆ ನಿಮ್ಮದರ ಮೇಲೆ ಮಾಡಿ ನೋಡಿ. ಒಬ್ಬರೇ ಇದ್ದಾಗ ಮಾಡಿ.

ಎರಡನೇ ಕಾದಂಬರಿಗೆ ಅಜ್ಜಿ ಹೇಳುತ್ತಿದ್ದ ಕಥೆಗಳಿಂದ ಐದು ವಸ್ತು ತೆಗೆದುಕೊಂಡೆ: ಬರಿದಾಗದ ಅನ್ನದ ಪಾತ್ರೆ, ಬತ್ತದ ಕೊಡ, ಹೊದ್ದರೆ ಕಾಣದ ಕಂಬಳಿ, ಗೋಡೆ ಮೇಲೆ ಚಿತ್ರ ತೋರುವ ಕನ್ನಡಿ, ಹಾರುವ ಪಾದುಕೆ. ಐದಕ್ಕೂ ವಿಜ್ಞಾನದ ಕಾರಣ ಕೊಡುತ್ತೇನೆ ಅಂದಾಗ ಬೆಂಗಳೂರಿನ ಒಬ್ಬ ಪ್ರಕಾಶಕರು ನಕ್ಕರು. "ಅಜ್ಜಿ ಕಥೆ ಓದೋರು ವಿಜ್ಞಾನ ಕೇಳಲ್ಲ, ವಿಜ್ಞಾನ ಓದೋರು ಅಜ್ಜಿ ಕಥೆ ಮುಟ್ಟಲ್ಲ" ಅಂದರು. ಮಾತೇನೋ ಪ್ರಾಸಬದ್ಧವಾಗಿತ್ತು. ಮನೆಯಲ್ಲಿ ನಮ್ಮಾಕಿ ಇನ್ನೂ ಸರಳವಾಗಿ ಕೇಳಿದಳು: "ಇನ್ನ ಎಷ್ಟು ಬುಕ್ಕು ಮಷೀನಿನ ಕಾಲಿಗಿ ಬೇಕಾಗ್ಯಾವ?"

ಮೊದಲು ಅನ್ನದ ಪಾತ್ರೆಗೆ ಕೈ ಹಾಕಿದೆ, ಅಲ್ಲೇ ಎಡವಿದೆ. ಶಕ್ತಿಯನ್ನು ವಸ್ತುವಾಗಿ ಬದಲಿಸುವ ಪಾತ್ರೆ ಅಂತ ಬರೆದು ಮೂರು ಅಧ್ಯಾಯ ಮುಗಿಸಿದ್ದೆ. ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗಿಗೆ ಬಂದ ಒಬ್ಬ ಪಾಲಿಟೆಕ್ನಿಕ್ ಹುಡುಗ ಸ್ಕ್ರೀನ್ ಮೇಲೆ ಓದಿ, ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಒಂದು ಕಿಲೋ ಜೋಳವನ್ನು ಬರೀ ಶಕ್ತಿಯಿಂದ ಹುಟ್ಟಿಸಬೇಕೆಂದರೆ ಸುಮಾರು 2,500 ಕೋಟಿ ಯೂನಿಟ್ ಕರೆಂಟು. ರಾಯಚೂರು ಥರ್ಮಲ್ ಸ್ಥಾವರದ 1,720 ಮೆಗಾವ್ಯಾಟ್ ಒಂದು ಗಳಿಗೆಯೂ ನಿಲ್ಲದೆ ಇಪ್ಪತ್ತು ತಿಂಗಳು ಓಡಬೇಕು. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ಕಿಲೋ ಜೋಳಕ್ಕೆ 17,500 ಕೋಟಿ. "ಅಂಕಲ್, ಬಜಾರದಾಗ ಸಸ್ತಾ ಸಿಗತದ" ಅಂದ. ಮೂರು ಅಧ್ಯಾಯ ಹೋದವು, ಪಾತ್ರೆಯೂ ಹೋಯಿತು. ಬೈಂಡಿಂಗಿಗೆ ಅವನಿಂದ ದುಡ್ಡು ತಗೊಳ್ಳಲಿಲ್ಲ.

ಕೊಡದ ಕಥೆ ಬೇರೆ. ಗಾಳಿಯಲ್ಲಿ ನೀರು ಇದ್ದೇ ಇದೆ, ಹಾಗಾಗಿ ಶೂನ್ಯದಿಂದ ಏನನ್ನೂ ಹುಟ್ಟಿಸಬೇಕಾಗಿಲ್ಲ. ಏಪ್ರಿಲ್ ಮಧ್ಯಾಹ್ನ ನಮ್ಮೂರಲ್ಲಿ 40 ಡಿಗ್ರಿ, ತೇವಾಂಶ ಶೇ. 20 ಅಂತ ಇಟ್ಟುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಆಗಲೂ ಹತ್ತು ಗ್ರಾಂ ನೀರಿರುತ್ತದೆ. ಅದನ್ನು ಹಿಡಿಯುವ ಪುಡಿಗಳೂ ಇವೆ: ಲೋಹದ ಪರಮಾಣುಗಳನ್ನು ಇಂಗಾಲದ ಸಂಯುಕ್ತಗಳಿಂದ ಜೋಡಿಸಿ ಕಟ್ಟಿದ, ಒಳಗೆಲ್ಲ ಪೊಳ್ಳು ಕೋಣೆಗಳಿರುವ ಹರಳುಗಳು. ಒಂದು ಗ್ರಾಮಿನ ಒಳಮೈ ಬಿಚ್ಚಿ ಹಾಸಿದರೆ ಫುಟ್ಬಾಲ್ ಮೈದಾನದಷ್ಟಾಗುವ ಜಾತಿಗಳಿವೆ. ರಾತ್ರಿ ತೇವ ಹೀರಿ, ಹಗಲಿನ ಬಿಸಿಲಿಗೆ ನೀರು ಬಿಡುವ ಇಂಥ ಪುಡಿಯನ್ನು ಅಮೆರಿಕದ ಮರುಭೂಮಿಯಲ್ಲಿ ಪ್ರಯೋಗ ಮಾಡಿಯೂ ತೋರಿಸಿದ್ದಾರೆ. ಅಷ್ಟು ಓದಿ, ತಾಮ್ರದ ಕೊಡದೊಳಗೆ ಪುಡಿ ಬಳಿದುಬಿಟ್ಟರೆ ಮುಗಿಯಿತು ಅಂದುಕೊಂಡೆ. ಹೆಮ್ಮೆಯಿಂದ ಆ ಅಧ್ಯಾಯವನ್ನು ಮೋಟರ್ ವೈಂಡಿಂಗ್ ಅಂಗಡಿಯ ಗೆಳೆಯನಿಗೆ ಓದಿ ಹೇಳಿದೆ. ಅವನು ಆರ್ಮೇಚರಿಗೆ ತಂತಿ ಸುತ್ತುತ್ತಲೇ ಕೇಳಿದ:

"ಎಲ್ಲ ಖರೇ ದೋಸ್ತ. ಬಿಸಿ ಎಲ್ಲಿ ಹೋಯ್ತು?"

"ಯಾವ ಬಿಸಿ?"

ಅವನ ಹಿಂದೆ ಕೂಲರ್ ಗರಗರ ಅಂತಿತ್ತು. ಅದರ ಕಡೆ ಗದ್ದ ಎತ್ತಿ ತೋರಿಸಿದ. "ಕೂಲರಿಗಿ ನೀರ ಹಾಕಿದ್ರ ನೀರ ಗಾಳ್ಯಾಗ ಹೋಗತದ, ರೂಮ್ ತಣ್ಣಗಾಗತದ. ನಿನ್ನ ಕೊಡ ಗಾಳ್ಯಾಗಿನ ನೀರ ವಾಪಸ್ ತರತದ. ಅಂದ್ರ ಉಲ್ಟಾ ಕೂಲರ್. ಕೊಡ ಸುಡಬೇಕಲ್ಲ?"

ಬೇಸಿಗೆ ಪೂರ್ತಿ ಕೂಲರ್ ಮುಂದೆ ಕೂತು ಬರೆಯುವ ನನಗೆ ಇದು ಹೊಳೆದಿರಲಿಲ್ಲ. ಲೆಕ್ಕ ಹಾಕಿದೆ. ಹತ್ತು ಲೀಟರ್ ಆವಿ ನೀರಾದರೆ ಹೊರಬೀಳುವ ಶಾಖ ಆರೂಮುಕ್ಕಾಲು ಯೂನಿಟ್‌ನಷ್ಟು. ಅಂದರೆ ಸಾವಿರ ವ್ಯಾಟ್‌ನ ಹೀಟರ್ ಕಾಯಿಲ್ ಹೆಚ್ಚುಕಡಿಮೆ ಏಳು ತಾಸು ಉರಿದಂತೆ. ಜೊತೆಗೆ ಹತ್ತು ಲೀಟರಿಗೆ, ಒಂದು ಹನಿಯೂ ಬಿಡದೆ ಹಿಡಿದರೂ, ಸಾವಿರ ಘನ ಮೀಟರ್ ಗಾಳಿ ಕೊಡದೊಳಗೆ ಹೋಗಿ ಬರಬೇಕು. ಅಜ್ಜಿಯ ಕೊಡ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿತ್ತು. ನನ್ನದು ಸುಡಬೇಕು, ಹಗಲೂ ರಾತ್ರಿ ಸುಯ್ಯೆನ್ನಬೇಕು.

ಎರಡು ತಿಂಗಳು ಕೊಡ ಬಿಟ್ಟೆ. ಬಿಸಿಯನ್ನು ಬಚ್ಚಿಡಲು ಏನೇನೋ ಹೊಸೆದೆ: ಹಿತ್ತಾಳೆ ರೆಕ್ಕೆ, ಗುಪ್ತ ಬ್ಯಾಟರಿ, ಒಮ್ಮೆ ನಾಚಿಕೆಯಿಲ್ಲದೆ 'ಶಾಖ ಇನ್ನೊಂದು ಆಯಾಮಕ್ಕೆ ಹೋಗುತ್ತದೆ' ಅಂತ. ಆಯಾಮ ತೆಗೆದು ಮಂತ್ರ ಹಾಕಿದೆ, ಚಂದಾಗಿ ಕೂತಿತು. ಅಳಿಸಿದೆ.

ದಾರಿ ಸಿಕ್ಕಿದ್ದು ಬೀದರಿನಲ್ಲಿ. ಬೇರೆ ಕೆಲಸಕ್ಕೆ ಹೋಗಿದ್ದೆ, ಅದನ್ನು ಮುಂದೆ ಹೇಳುತ್ತೇನೆ. ನೌಬಾದ್ ಹತ್ತಿರದ ಸುರಂಗಬಾವಿ ನಿಮ್ಮಲ್ಲಿ ಹಲವರು ನೋಡಿರುತ್ತೀರಿ: ಬಹಮನಿ ಕಾಲದಲ್ಲಿ ಪರ್ಷಿಯಾದ ಪದ್ಧತಿಯಂತೆ ಜಂಬಿಟ್ಟಿಗೆ ಕಲ್ಲಿನೊಳಗೆ ಕೊರೆದ ನೀರಿನ ದಾರಿ, ಮೇಲೆ ಉದ್ದಕ್ಕೂ ಸಾಲಾಗಿ ಗಾಳಿಬಾವಿಗಳು. ಒಂದು ಬಾವಿಯ ಬಾಯಲ್ಲಿ ಬಗ್ಗಿ ನೋಡುವಾಗ ಮುಖಕ್ಕೆ ತಣ್ಣನೆ ಗಾಳಿ ಬಡಿಯಿತು. ಅಲ್ಲೇ ಹೊಳೆಯಿತು. ಕೊಡವನ್ನು ಈ ಬಾವಿಯ ತಳದಲ್ಲಿಟ್ಟರೆ ಅದರ ಬಿಸಿ ಸುತ್ತಲಿನ ಗಾಳಿಯನ್ನು ಮೇಲೆತ್ತುತ್ತದೆ, ಪಕ್ಕದ ಬಾವಿಗಳಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ, ಒಲೆಯ ಹೊಗೆಗೂಡಿನ ಹಾಗೆ. ನಾನು ಬಚ್ಚಿಡಲು ಒದ್ದಾಡಿದ ಶಾಖವೇ ನನಗೆ ಬೇಕಾದ ಸಾವಿರ ಘನ ಮೀಟರ್ ಗಾಳಿ ತರುವ ಫ್ಯಾನ್ ಆಯಿತು! ವಾಪಸ್ ಬರುವ ರೈಲಿನಲ್ಲಿ ಟಿಕೆಟ್ ಹಿಂದೆಯೇ ಅಧ್ಯಾಯದ ಗೆರೆ ಹಾಕಿದೆ.

ಕಥೆಯೂ ಅದರಿಂದಲೇ ಬಿಚ್ಚಿಕೊಂಡಿತು. ಕೊಡವನ್ನು ಯಾರೂ ನೋಡುವುದಿಲ್ಲ. ಆದರೆ ಡಿಸೆಂಬರ್ ಚಳಿಯಲ್ಲಿ ಊರ ನಾಯಿಗಳೆಲ್ಲ ಒಂದೇ ಗಾಳಿಬಾವಿಯ ಸುತ್ತ ಮಲಗುತ್ತವೆ. ಖಳನಾಯಕ ನಾಯಿಗಳನ್ನು ನೋಡಿ ಕೊಡ ಹುಡುಕುತ್ತಾನೆ. ಇಲ್ಲಿ ಮಂತ್ರ ಹಾಕಿ ನೋಡಿ; ನಾಯಿಗಳು ಅಲ್ಲಿ ಯಾಕೆ ಮಲಗಿದವು ಅಂತ ಹೇಳಲಾಗದೆ ಕಥೆ ನಿಂತುಬಿಡುತ್ತದೆ.

ಇದಾದ ಮೇಲೆ ಒಂದು ಕಟ್ಟುಪಾಡು ಹಾಕಿಕೊಂಡೆ: ಒಂದು ವಸ್ತುವಿಗೆ ಒಂದೇ ಸುಳ್ಳು. ಕೊಡದ ಸುಳ್ಳು ಏನೆಂದರೆ ಪುಡಿ ಇವತ್ತಿನದಕ್ಕಿಂತ ಹತ್ತಾರು ಪಟ್ಟು ಬೇಗ ಹೀರಿ ಬಿಡುತ್ತದೆ. ಉಳಿದದ್ದೆಲ್ಲ ಲೆಕ್ಕಕ್ಕೆ ಸಿಗಬೇಕು. ಆ ಸುಳ್ಳನ್ನು ಯಾರ ಬಾಯಲ್ಲಿ, ಎಷ್ಟನೇ ಅಧ್ಯಾಯದಲ್ಲಿ ಹೇಳಿಸಬೇಕು ಅನ್ನುವುದಕ್ಕೂ ನನ್ನದೊಂದು ಲೆಕ್ಕ ಇದೆ. ಅದು ಅಂಗಡಿ ಗುಟ್ಟು.

ಕಂಬಳಿಗೆ ಬರೋಣ. ಬೆಳಕನ್ನು ಬಗ್ಗಿಸಿ ಕಾಣದಂತೆ ಮಾಡುವ ಲೋಹದ ಉಂಗುರಗಳ ಹೊದಿಕೆಯನ್ನು 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದರು. ಅದು ಕಣ್ಣಿಗಲ್ಲ, ಮೈಕ್ರೋವೇವಿಗೆ ಮಾತ್ರ, ಅದೂ ಒಂದೇ ಕಂಪನಾಂಕಕ್ಕೆ. ಮೂರೂವರೆ ಸೆಂಟಿಮೀಟರ್ ಅಲೆಗೆ ಮಿಲಿಮೀಟರ್ ಲೆಕ್ಕದ ಉಂಗುರ ಸಾಕು, ಕಣ್ಣಿಗೆ ಕಾಣುವ ಬೆಳಕಿಗೆ ಅದರ ಹತ್ತಾರು ಸಾವಿರ ಪಟ್ಟು ಸಣ್ಣದು ಬೇಕು. ನಮ್ಮಲ್ಲಿ ಬಹಳ ಜನ ಮರೆಯುವುದು ಇನ್ನೊಂದಿದೆ. ಬೆಳಕು ನಿಮ್ಮನ್ನು ಸುತ್ತಿಕೊಂಡು ಹೋದರೆ ನಿಮ್ಮ ಕಣ್ಣಿಗೂ ಬರುವುದಿಲ್ಲ. ಕಂಬಳಿ ಹೊದ್ದವನು ಕುರುಡ. ಕಾಣದೆ ಅರಮನೆಗೆ ನುಗ್ಗುವ ರಾಜಕುಮಾರ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಬೇಕು.

ಹಾಗಾಗಿ ನನ್ನ ಕಂಬಳಿ ಮನುಷ್ಯರ ಕಣ್ಣು ತಪ್ಪಿಸುವುದಿಲ್ಲ, ಮೈಕ್ರೋವೇವಿನಿಂದ ನೋಡುವ ರಾಡಾರ್ ತಪ್ಪಿಸುತ್ತದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಗೆಳೆಯನ ಅಂಗಡಿಯಿಂದ 2,300 ರೂಪಾಯಿಯ ತಾಮ್ರದ ತಂತಿ ತಂದು, ನಾನೂ ಮಗಳೂ ಸೇರಿ ಆರು ನೂರೋ ಏಳು ನೂರೋ ಉಂಗುರ ಮಾಡಿ ಕರಿ ಕಂಬಳಿಗೆ ಹೊಲಿದೆವು. ಒಳಗೆ ಮೊಬೈಲ್ ಇಟ್ಟು ವೈಫೈ ಸಿಗ್ನಲ್ ನೋಡಿದೆವು, ಅದೂ ಮೈಕ್ರೋವೇವೇ. ಏನೂ ಆಗಲಿಲ್ಲ, ಒಂದು ಕಡ್ಡಿಯೂ ಇಳಿಯಲಿಲ್ಲ. ಬೇಸರದಲ್ಲಿ ಕಂಬಳಿಯನ್ನು ಬಚ್ಚಲಲ್ಲಿ ನೆನೆಹಾಕಿದೆ. ಮಗಳು ತಮಾಷೆಗೆ ಅದೇ ಒದ್ದೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಟ್ಟಳು. ಸಿಗ್ನಲ್ ಹೋಯಿತು! ನೀರು ಈ ಅಲೆಗಳನ್ನು ಹೀರುತ್ತದೆ, ಮೈಕ್ರೋವೇವ್ ಓವನ್ ನಡೆಯುವುದೇ ಅದರಿಂದ. ಉಂಗುರ ಕಿತ್ತು ಇನ್ನೊಮ್ಮೆ ನೋಡಿದೆವು, ಆಗಲೂ ಹೋಯಿತು. ಕಾದಂಬರಿಯಲ್ಲಿ ನಾಯಕಿಯ ಉಂಗುರದ ಕಂಬಳಿ ಕೆಟ್ಟುಹೋದಾಗ ಮುದುಕ ಕುರಿಗಾಹಿ ತನ್ನ ಒದ್ದೆ ಕಂಬಳಿ ಹೊದಿಸಿ ಉಳಿಸುವ ದೃಶ್ಯಕ್ಕೆ ಅತಿ ಹೆಚ್ಚು ಫೋನ್ ಬಂದಿವೆ. ತಂತಿಯ ದುಡ್ಡು ವಸೂಲಾಯಿತು ಅಂತ ಬರೆದುಕೊಂಡಿದ್ದೇನೆ.

ಕನ್ನಡಿಯದು ಇನ್ನೂ ದೊಡ್ಡ ಚಟ. ಚೀನಾ, ಜಪಾನಿನ ಕೆಲವು ಹಳೇ ಕಂಚಿನ ಕನ್ನಡಿಗಳಲ್ಲಿ ಮುಂದೆ ನೋಡಿದರೆ ಬರೀ ಮುಖ, ಬಿಸಿಲಿಗೆ ಹಿಡಿದರೆ ಗೋಡೆ ಮೇಲೆ ಹಿಂಬದಿಯ ಕೆತ್ತನೆ ಮೂಡುತ್ತದೆ. ಉಜ್ಜುವಾಗ ತೆಳು ಭಾಗ ಬಾಗುತ್ತದೆ, ಕೈ ಬಿಟ್ಟ ಮೇಲೆ ಕಣ್ಣಿಗೆ ಕಾಣದಷ್ಟು ಉಬ್ಬಿ ನಿಲ್ಲುತ್ತದೆ; ಅಲ್ಲಿ ಬಿದ್ದ ಬೆಳಕು ಚದುರಿ ಗೋಡೆಯಲ್ಲಿ ಮಬ್ಬಾಗುತ್ತದೆ. ಇಷ್ಟೇ. ನನಗೆ ಇದು ಬಿದರಿಯಲ್ಲಿ ಬೇಕಾಗಿತ್ತು. ಬೀದರ್ ಚೌಬಾರಾ ಕಡೆಯ ಒಬ್ಬ ಚಾಚಾ ಹತ್ತಿರ ಹೋದೆ. ಅವರು ಮೊದಲೇ ಹೇಳಿದರು: "ನೋಡ್ರಿ ಬೇಟಾ, ಇದು ಜಸ್ತ. ಕಪ್ಪಾಗೋ ಮಾಲು, ಕನ್ನಡಿ ಆಗೋ ಮಾಲಲ್ಲ." ಜಸ್ತ ಅಂದರೆ ಸತು. ನಾನು ಕೇಳಲಿಲ್ಲ. 4,500 ಕೊಟ್ಟು ಅಂಗೈಯಗಲದ ಬಿಲ್ಲೆ ಮಾಡಿಸಿದೆ. ಚಾಚಾ ಹೇಳಿದ್ದೇ ಸರಿ. ಉಜ್ಜಿ ಉಜ್ಜಿ ಹೊಳಪು ತಂದರೂ ವಾರದಲ್ಲಿ ಮಂಕು. ತೆಳ್ಳಗೆ ಮಾಡಹೋದರೆ ಬಾಗಲಿಲ್ಲ, ಪಟ್ಟನೆ ಒಡೆಯಿತು.

ಒಡೆದ ಚೂರನ್ನು ಅವರು ಬಿಸಾಕಲಿಲ್ಲ. ಅದರ ಮೇಲೆ ನಾಲ್ಕು ಎಳೆ ಬೆಳ್ಳಿ ತಂತಿ ಬಡಿದು, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿದ ನೀರಿನಲ್ಲಿ ಅದ್ದಿ ತಿಕ್ಕಿದರು. ಕಣ್ಣೆದುರೇ ಜಸ್ತ ಕಾಡಿಗೆಯಂತೆ ಕಪ್ಪಾಯಿತು, ಬೆಳ್ಳಿ ಬೆಳ್ಳಗೇ ಉಳಿಯಿತು. ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ, ಮಳೆ ಬಿಸಿಲು ಬೀಳದ ಜಾಗದ್ದೇ ಬೇಕು. ಐದಾರು ನೂರು ವರ್ಷದ ವಿದ್ಯೆ. ಕನ್ನಡಿಗೆ ಹೋದವನು ಆ ಮಣ್ಣಿಗೇ ಒಂದು ಅಧ್ಯಾಯ ಬರೆದೆ: ಬಿಲ್ಲೆಯಲ್ಲಿ ಬರೆದ ಗುಪ್ತ ನಕ್ಷೆ, ಸರಿಯಾದ ಮಣ್ಣು ಸಿಕ್ಕಾಗ ಮಾತ್ರ ಕಾಣುತ್ತದೆ. ಅದರಲ್ಲಿ ಒಂದೂ ಸುಳ್ಳು ಬೇಕಾಗಲಿಲ್ಲ.

ಕನ್ನಡಿ ಮಾತ್ರ ತಲೆಯಿಂದ ಹೋಗಿರಲಿಲ್ಲ. ಹಿತ್ತಾಳೆ ತಗಡಿನಲ್ಲಿ ಏಳೆಂಟು ಸಲ ಮಾಡಿದೆ, ಇನ್ನೂ 1,800 ಖರ್ಚು. ಕೊನೆಗೆ ಗೋಡೆ ಮೇಲೆ ಅರ್ಧ ನವಿಲು ಬಂತು, ಕುತ್ತಿಗೆಯಿಂದ ಮೇಲಿನದು. ತಗಡು ಎಷ್ಟು ದಪ್ಪ, ಯಾವ ಪುಡಿಯಲ್ಲಿ ಉಜ್ಜಿದೆ ಅಂತ ಕೇಳಬೇಡಿ. ಪೂರ್ತಿ ನವಿಲು ಬರುವ ತನಕ ಹೇಳುವುದಿಲ್ಲ.

ಪಾದುಕೆ ಬಿಟ್ಟೆ. ಅರವತ್ತು ಕಿಲೋ ಮನುಷ್ಯನನ್ನು ಎರಡು ಅಂಗಾಲಿನಷ್ಟು ಜಾಗದಿಂದ ಗಾಳಿ ಊದಿ ಎತ್ತಲು ನಲವತ್ತು ಹೆಚ್‌ಪಿಯಾದರೂ ಬೇಕು, ಎಂಟು ಬೋರ್ ಮೋಟರ್. ಏಳುವ ಧೂಳಿನಲ್ಲಿ ಹಾರುವವನೂ ಕಾಣುವುದಿಲ್ಲ, ಊರೂ ಕಾಣುವುದಿಲ್ಲ.

ಪುಸ್ತಕ 2025ರ ಶುರುವಿನಲ್ಲಿ ಬಂತು. ಹದಿಮೂರು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು), 500 ಪ್ರತಿ, ಮುಖಪುಟ ಸೇರಿ 70 ಸಾವಿರದ ಆಸುಪಾಸು. ಡಿಟಿಪಿ ನನ್ನದೇ ಆದ್ದರಿಂದ ಅದರ ಖರ್ಚು ಹಿಡಿದಿಲ್ಲ. ಬೆಲೆ 220. ವರ್ಷದೊಳಗೆ 430ರಷ್ಟು ಹೋದವು. ಅಂಗಡಿಯವರ ಕಮಿಷನ್ ಕಳೆದು ಎಂಟೊಂಬತ್ತು ಸಾವಿರ ಉಳಿಯಿತು, ತಂತಿ, ಬಿಲ್ಲೆ, ತಗಡು ಅದನ್ನೇ ತಿಂದವು. ಆದರೆ ಅಕ್ಟೋಬರಿನಲ್ಲಿ, ಗಾಳಿಯ ನೀರು ಹಿಡಿಯುವ ಅಂಥ ಪುಡಿಗಳನ್ನು ಕಟ್ಟಿದ ಕಿತಗಾವಾ, ರಾಬ್ಸನ್, ಯಾಘಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂದ ದಿನ, ನಕ್ಕಿದ್ದ ಪ್ರಕಾಶಕರು ತಾವೇ ಫೋನ್ ಮಾಡಿದರು. "ನಿಮ್ಮ ಕೊಡದ್ದೇ ಅಲ್ವೇನ್ರಿ ಇದು?" ಹೌದ್ರಿ ಅಂದೆ. ಎರಡನೇ ಮುದ್ರಣ ಕೇಳಿದರು. ನಾನೇ ಹಾಕಿಸುತ್ತೇನೆ ಅಂದೆ. ಎರಡು ದಿನ ಊಟ ರುಚಿಸಿತು.

ಮೂರನೇ ದಿನ ನಮ್ಮಾಕಿ ಪುಸ್ತಕ ಕೈಯಲ್ಲಿ ಹಿಡಿದು ಅಡಿಗೆಮನೆಯಿಂದ ಬಂದಳು. ಅಲ್ಲಿವರೆಗೆ ಓದಿರಲಿಲ್ಲ. "ಈ ಕೊಡದ ನೀರಾಗ ಉಪ್ಪು ಸುಣ್ಣ ಏನೂ ಇರಂಗಿಲ್ಲ ಅಲ್ಲ?" ಅಂದಳು.

"ಇರಂಗಿಲ್ಲ. ಬ್ಯಾಟರಿಗಿ ಹಾಕೋ ನೀರಿದ್ದಂಗ."

"ಮತ್ತ ಖಳನಾಯಕಗ ನಾಯಿ ಯಾಕ ಬೇಕು? ನಮ್ಮ ಬೋರಿನ ನೀರಾಗ ತೊಗರಿಬ್ಯಾಳಿ ಆರು ಸೀಟಿಗಿ ಕುದಿಯಂಗಿಲ್ಲ. ಕೊಡದ ನೀರ ಕುಡಿಯೋರ ಮನ್ಯಾಗ ಎರಡು ಸೀಟಿಗಿ ಕುದೀತದ. ಓಣಿ ಹೆಣ್ಮಕ್ಕಳಿಗಿ ಎರಡೇ ದಿನದಾಗ ಗೊತ್ತಾಗತದ."

ಶಹಾಬಾದ್ ಕಲ್ಲಿನ ಸೀಮೆಯಲ್ಲಿ ಹುಟ್ಟಿ, ಗಡಸು ನೀರಿನಲ್ಲಿ ಬೆಳೆದು, ಮೂರು ವರ್ಷ ಕೊಡದ ಲೆಕ್ಕ ಹಾಕಿದ್ದೆ. ಎರಡನೇ ಮುದ್ರಣದಲ್ಲಿ ನಾಯಿಗಳ ಅಧ್ಯಾಯಕ್ಕೆ ಮೊದಲು ಕುಕ್ಕರಿನ ಅಧ್ಯಾಯ ಬಂದಿದೆ. ಒಂದು ಫಾರಂ ಹೆಚ್ಚಾಯಿತು. ಬೆಲೆ 240 ಮಾಡಿದ್ದೇನೆ.