ಜೀವಾಧಾರ ವ್ಯವಸ್ಥೆಯ ನಕ್ಷೆ ಎಷ್ಟು ಜಟಿಲ? ಅಳೆಯುವ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್‌ಗಳ ಸೋರಿಕೆ ಪರೀಕ್ಷಿಸುವುದು ನನ್ನ ಕೆಲಸ. ಧಾರವಾಡ, ಗದಗ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಾಹ್ಯಾಕಾಶ ನೌಕೆಯಲ್ಲಿ ಯಾನಿಗಳಿಗೆ ಗಾಳಿ, ನೀರು ಒದಗಿಸುವ ಜೀವಾಧಾರ ವ್ಯವಸ್ಥೆಯ ನಕ್ಷೆ ಹಿಡಿದು ಬರುತ್ತಾರೆ. "ಸರ್, ಎಲ್ಲ ಬಿಡಿಭಾಗ ಎಣಿಸಿದ್ದೇವೆ" ಎನ್ನುತ್ತಾರೆ. ಎಣಿಕೆ ಬೇಕು, ಆದರೆ ಅದರಿಂದ ಶುರು ಮಾಡಬೇಡಿ.

ಹಾಳೆಯ ಮೇಲ್ತುದಿಯಲ್ಲಿ ಎಷ್ಟು ಜನ, ಎಷ್ಟು ದಿನ ಎಂದು ಬರೆಯಿರಿ. ಒಬ್ಬರಿಗೆ ದಿನಕ್ಕೆ ಸುಮಾರು 0.84 ಕೆ.ಜಿ. ಆಮ್ಲಜನಕ ಬೇಕು. ಅವರು ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 1 ಕೆ.ಜಿ.; ಅದನ್ನು ಹೀರಲು ಕನಿಷ್ಠ 1.1 ಕೆ.ಜಿ. ಲಿಥಿಯಂ ಹೈಡ್ರಾಕ್ಸೈಡ್ ಬೇಕು. ಗಗನಯಾನದ ಯೋಜನೆಯಂತೆ ಮೂವರು ಮೂರು ದಿನ ಹೋದರೆ ಸುಮಾರು 10 ಕೆ.ಜಿ. ಪುಡಿ ಸಾಕು. ಆರು ಜನ ಆರು ತಿಂಗಳು ಇದ್ದರೆ ಅದು ಒಂದು ಟನ್ ದಾಟುತ್ತದೆ. ಮರುಬಳಕೆಯ ಯಂತ್ರಗಳಿಗೆ ಅರ್ಥ ಬರುವುದು ಅಲ್ಲಿಂದ. ಮೂರು ದಿನದ ನೌಕೆಗೆ ಸಬಾಟಿಯೆ ರಿಯಾಕ್ಟರ್ (ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕದಿಂದ ನೀರು ಮರಳಿ ಪಡೆಯುವ ಯಂತ್ರ) ಕೂಡಿಸಿದ ನಕ್ಷೆ ಕಂಡರೆ ನಾನು ಮುಂದೆ ನೋಡುವುದೇ ಇಲ್ಲ.

ನಂತರ ಕೆಂಪು ಪೆನ್ಸಿಲ್ ತೆಗೆದುಕೊಳ್ಳಿ. ನಕ್ಷೆಯಲ್ಲಿ ಒಂದು ಯಂತ್ರವನ್ನು ಸೂಚಿಸುವ ಪೆಟ್ಟಿಗೆಯ ಮೇಲೆ ಗೀಟು ಎಳೆದು, ಆ ಯಂತ್ರ ನಿಂತರೆ ಇನ್ನಾವುದು ನಿಲ್ಲುತ್ತದೆ, ಎಷ್ಟು ತಾಸಿನಲ್ಲಿ ಜೀವಕ್ಕೆ ಕುತ್ತು ಎಂದು ಪಕ್ಕದಲ್ಲೇ ಬರೆಯಿರಿ. ನೀರನ್ನು ಒಡೆದು ಆಮ್ಲಜನಕ ಕೊಡುವ ಘಟಕ ನಿಂತರೆ ಜಲಜನಕವೂ ನಿಲ್ಲುತ್ತದೆ, ಸಬಾಟಿಯೆ ಸುಮ್ಮನಾಗುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಅನ್ನು ಹೊರಗೆ ಬಿಡುವ ದಾರಿ ಇದ್ದರೆ, ಸಬಾಟಿಯೆ ನಿಂತದ್ದರಿಂದ ಕಳೆದುಹೋಗುವುದು ಒಂದಿಷ್ಟು ನೀರು ಮಾತ್ರ. ಸಾದಾ ಫ್ಯಾನ್ ಹಾಗಲ್ಲ. ತೂಕರಹಿತ ಸ್ಥಿತಿಯಲ್ಲಿ ಬಿಸಿ ಗಾಳಿ ಮೇಲೇರುವುದಿಲ್ಲ. ಫ್ಯಾನ್ ನಿಂತರೆ ಬಿಟ್ಟ ಉಸಿರು ಮಲಗಿದವರ ಮುಖದ ಸುತ್ತಲೇ ಉಳಿಯುತ್ತದೆ. ನಕ್ಷೆಯಲ್ಲಿ ಅದೇ ಅತ್ಯಂತ ಚಿಕ್ಕ ಗುರುತು.

ನಡುವೆ ಸಂಗ್ರಹ ತೊಟ್ಟಿ ಎಲ್ಲಿದೆ ನೋಡಿ. ನಳದ ನೀರು ದಿನ ಬಿಟ್ಟು ಬರುವ ನಮ್ಮ ಊರಿನ ಮನೆಗಳಂತೆ, ತೊಟ್ಟಿ ಇದ್ದಲ್ಲಿ ರಿಪೇರಿಗೆ ಸಮಯ ಸಿಗುತ್ತದೆ. ತೊಟ್ಟಿಯಿಂದ ತೂಕ ಹೆಚ್ಚುತ್ತದೆ, ತೊಡಕು ಇಳಿಯುತ್ತದೆ. ನಾನಂತೂ ತೂಕವನ್ನೇ ಆರಿಸುತ್ತೇನೆ.

ಗೆರೆ ಎಳೆಯದ ಸಂಬಂಧಗಳನ್ನು ಹುಡುಕುವುದು ಎಲ್ಲಕ್ಕಿಂತ ಕಷ್ಟ. ತೂಕರಹಿತ ಸ್ಥಿತಿಯಲ್ಲಿ ಮೂಳೆಯ ಕ್ಯಾಲ್ಸಿಯಂ ಕರಗಿ ಮೂತ್ರ ಸೇರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅದು, ಮೂತ್ರ ಕೆಡದಂತೆ ಬೆರೆಸುತ್ತಿದ್ದ ಗಂಧಕಾಮ್ಲದೊಂದಿಗೆ ಕೂಡಿ ಕ್ಯಾಲ್ಸಿಯಂ ಸಲ್ಫೇಟ್ ಆಗಿ ಮೂತ್ರ ಶುದ್ಧೀಕರಿಸುವ ಯಂತ್ರ ಕಟ್ಟಿಕೊಳ್ಳುವಂತೆ ಮಾಡಿತು. ಕೊನೆಗೆ ಆಮ್ಲವನ್ನೇ ಬದಲಿಸಿ ಫಾಸ್ಫಾರಿಕ್ ಆಮ್ಲ ಬಳಸಿದರು. ಇಂಗಾಲದ ಡೈಆಕ್ಸೈಡ್ ಹೀರುವ ಜಿಯೊಲೈಟ್ ಹರಳುಗಳ ಧೂಳು ಅಲ್ಲಿಯೇ ವಾಲ್ವ್‌ಗಳಿಗೆ ಹೊಕ್ಕು ಕಾಟ ಕೊಟ್ಟಿದೆ. ವಾಲ್ವ್‌ನ ಸೀಟಿನ (ಮುಚ್ಚಳ ಬಂದು ಕೂರುವ ಅಂಚಿನ) ಮೇಲೆ ಕೂತ ಒಂದು ಕಣ ಸೋರಿಕೆಗೆ ಸಾಕು ಎಂಬುದನ್ನು ಪರೀಕ್ಷಾ ಬೆಂಚಿನಲ್ಲಿ ನಿತ್ಯ ಕಾಣುತ್ತೇನೆ. ಆದ್ದರಿಂದ ಪ್ರತಿ ವಾಲ್ವ್ ಪಕ್ಕ ಎರಡು ಸಾಲು ಬರೆಸುತ್ತೇನೆ: ತೆರೆದೇ ಉಳಿದರೆ ಏನು, ಮುಚ್ಚಿಯೇ ಉಳಿದರೆ ಏನು.

ಬಿಡಿಭಾಗಗಳ ಎಣಿಕೆ ಈಗ. ಒಟ್ಟು ಎಷ್ಟು ಎಂಬುದಕ್ಕಿಂತ ಎಷ್ಟು ಬಗೆ ಎಂದು ಎಣಿಸಿ. 1970ರಲ್ಲಿ ಚಂದ್ರನತ್ತ ಹೊರಟ ಅಪೊಲೊ 13ರ ಜೋಡಿ ನೌಕೆಗಳಲ್ಲಿ ಇಂಗಾಲದ ಡೈಆಕ್ಸೈಡ್ ಹೀರುವ ಡಬ್ಬಿ ಒಂದರದು ಚೌಕ, ಇನ್ನೊಂದರದು ದುಂಡು. ಹೊಂದಿಸಲು ಯಾನಿಗಳು ಟೇಪ್, ಪ್ಲಾಸ್ಟಿಕ್ ಚೀಲ ಬಳಸಬೇಕಾಯಿತು. ವಿದ್ಯುತ್ತು, ತಂಪು, ರಿಪೇರಿಯ ತಾಸುಗಳನ್ನೂ ಇದೇ ಪಟ್ಟಿಗೆ ಸೇರಿಸಿ.

ಎರಡು ನಕ್ಷೆಗಳಲ್ಲಿ ಒಂದನ್ನು ಆರಿಸಬೇಕಾದಾಗ ಪೆಟ್ಟಿಗೆಗಳ ಪಕ್ಕ ಬರೆದ ತಾಸುಗಳನ್ನು ರಿಪೇರಿಯ ತಾಸುಗಳೊಂದಿಗೆ ಹೋಲಿಸಿ. ರಿಪೇರಿಗೆ ಹೆಚ್ಚು ಹೊತ್ತು ಬೇಕೆಂದು ತೋರುವ ಪೆಟ್ಟಿಗೆ ಒಂದೇ ಇದ್ದರೂ ಆ ನಕ್ಷೆಯನ್ನು ತಿದ್ದಲು ವಾಪಸು ಕೊಡಿ.