ಆಟ ತಡವರಿಸುತ್ತಿದೆಯೇ? ಕಾರ್ಡ್ ಕೊಳ್ಳುವ ಮೊದಲು ಕ್ಯಾಬಿನೆಟ್ ಬಿಚ್ಚಿ ನೋಡಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಏಪ್ರಿಲ್ ಬಂತೆಂದರೆ ಒಂದೇ ದೂರು. "ಅಣ್ಣಾ, ಚಳಿಗಾಲದಲ್ಲಿ ಚೆನ್ನಾಗಿ ಓಡುತ್ತಿದ್ದ ಆಟ ಈಗ ತಡವರಿಸುತ್ತಿದೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಂತೆ, ಹೌದೇ?" ಕೇಳುವ ಹುಡುಗನ ಅಪ್ಪನಿಗೆ ಆ ಕಾರ್ಡ್ ಎಂದರೆ ಒಂದು ತಿಂಗಳ ದುಡಿಮೆ. ಅಳೆದು ನೋಡದೆ ನಾನು ಹೌದು ಎನ್ನುವುದಿಲ್ಲ.

ಮೊದಲು ತೊಂದರೆ ಯಾವುದೆಂದು ಗುರುತಿಸಿ. ಆಟ ಉದ್ದಕ್ಕೂ ನಿಧಾನವಾಗಿರುವುದು ಬೇರೆ, ನಡುನಡುವೆ ಎಡವುವುದು ಬೇರೆ. ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ನುಂಗಿದರೂ ಆ ಸೆಕೆಂಡಿನ ಲೆಕ್ಕ 55ರ ಹತ್ತಿರವೇ ನಿಲ್ಲುತ್ತದೆ. ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಕಣ್ಣಿಗೆ ಮಾತ್ರ ಎಡವಿದ್ದು ಗೊತ್ತಾಗುತ್ತದೆ. ಆದ್ದರಿಂದ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ) ಸರಾಸರಿಯನ್ನು ನಂಬಬೇಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆ ಬರುವ ರಿವಾಟ್ಯೂನರ್ ಎಂಬ ಅಳತೆಯ ತಂತ್ರಾಂಶಗಳು ಎರಡೂ ಉಚಿತ. ಅವನ್ನು ಹಾಕಿಕೊಂಡು ಫ್ರೇಮ್ ಟೈಮ್ (ಒಂದೊಂದು ಫ್ರೇಮ್ ತೆಗೆದುಕೊಂಡ ಸಮಯ) ಗೆರೆ, ಪ್ರೊಸೆಸರಿನ ಮತ್ತು ಕಾರ್ಡಿನ ಉಷ್ಣತೆ, ಅವುಗಳ ವೇಗ, ಬಳಕೆಯಾದ ಮೆಮೊರಿ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ. ಪರೀಕ್ಷೆಯನ್ನು ಮಧ್ಯಾಹ್ನ ಎರಡು ಗಂಟೆಗೆ ಮಾಡಿ, ಅರ್ಧ ಗಂಟೆ ಆಡಿ. ರಾತ್ರಿಯ ತಂಪಿನಲ್ಲಿ ನಮ್ಮೂರಿನ ರೋಗ ಅಡಗಿಕೊಳ್ಳುತ್ತದೆ.

ಮೊದಲ ಹದಿನೈದು ನಿಮಿಷ ಸರಾಗವಾಗಿದ್ದು ಆಮೇಲೆ ಕುಸಿದರೆ ಅದು ಬಹುಮಟ್ಟಿಗೆ ಶಾಖ. ಮಿತಿ ಮುಟ್ಟಿದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಆ ಮಿತಿ 100 ಡಿಗ್ರಿ, ಎಎಂಡಿಯ ರೈಜೆನ್ 5000 ಸಾಲಿನವಕ್ಕೆ 90ರಿಂದ 95. ಉಷ್ಣತೆ ಏರಿದ ಹೊತ್ತಿನಲ್ಲೇ ವೇಗವೂ ಇಳಿಯಿತೇ ಎಂದು ನೋಡಿ. ಎರಡೂ ಒಟ್ಟಿಗೆ ಆದರೆ ಕಳ್ಳ ಸಿಕ್ಕಿದ ಹಾಗೆ.

ಹೋದ ಬೇಸಿಗೆಯಲ್ಲಿ ಸಂಡೂರಿನ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ಕ್ಯಾಬಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಅವನ ಮನೆ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿದೆ. ಪ್ರೊಸೆಸರ್ 98 ಡಿಗ್ರಿ ತೋರಿಸುತ್ತಿತ್ತು. ಹೊರಗಿನಿಂದ ನೋಡಿದರೆ ಫ್ಯಾನ್ ತಿರುಗುತ್ತಲೇ ಇತ್ತು, ಗಾಳಿ ಮಾತ್ರ ದಾಟುತ್ತಿರಲಿಲ್ಲ. ಫ್ಯಾನ್ ಬಿಚ್ಚಿದಾಗ ಪ್ರೊಸೆಸರಿನ ಶಾಖ ಹೀರುವ ಲೋಹದ ಹೀಟ್‌ಸಿಂಕಿನ ಮೇಲೆ ಕೆಂಧೂಳು ಕಂಬಳಿಯ ತುಂಡಿನಂತೆ ಹೆಣೆದುಕೊಂಡಿತ್ತು. ಚಿಮುಟದಿಂದ ಒಂದು ಮೂಲೆ ಹಿಡಿದು ಎಳೆದೆ. ಹರಿಯದೆ ಇಡಿಯಾಗಿ ಬಂತು, ಅಂಗೈ ಅಗಲ. ಸ್ವಚ್ಛ ಮಾಡಿ, ಪ್ರೊಸೆಸರಿನಿಂದ ಹೀಟ್‌ಸಿಂಕಿಗೆ ಶಾಖ ದಾಟಿಸುವ ಪೇಸ್ಟ್ ಹೊಸದಾಗಿ ಹಚ್ಚಿದ ಮೇಲೆ ಅದೇ ಆಟ, ಅದೇ ಮಧ್ಯಾಹ್ನ, 79 ಡಿಗ್ರಿ.

ಈ ಕೆಲಸ ನೀವೇ ಮಾಡಬಹುದು. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಮಾಳಿಗೆಗೆ ಒಯ್ದು ಮೆತ್ತನೆಯ ಬ್ರಷ್‌ನಿಂದ ಸಡಿಲಿಸಿ, ಗೇಣುದ್ದ ದೂರದಿಂದ ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ತಡೆಯಿರಿ. ಗಾಳಿಯ ರಭಸಕ್ಕೆ ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗದ ಒಂದು ಬಗೆ) ರೈಜೆನ್ ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಕೂಲರನ್ನು, ಅಂದರೆ ಹೀಟ್‌ಸಿಂಕ್ ಮತ್ತು ಫ್ಯಾನಿನ ಜೋಡಿಯನ್ನು, ನೇರ ಮೇಲಕ್ಕೆ ಎಳೆಯಬೇಡಿ. ಹಳೆಯ ಪೇಸ್ಟ್ ಅಂಟಿಕೊಂಡು ಪ್ರೊಸೆಸರೇ ಕಿತ್ತು ಬಂದು ಪಿನ್ನುಗಳು ಬಗ್ಗುತ್ತವೆ. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಕೂಲರನ್ನು ಎಡಬಲಕ್ಕೆ ಮೆಲ್ಲಗೆ ತಿರುಚಿ ಬಿಡಿಸಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಧೂಳು ತೆಗೆಯುವುದನ್ನು ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಮಾಡಿ. ಸೆಕೆಯೆಂದು ಕೋಣೆ ತಂಪಾಗಿಸುವ ನೀರಿನ ಕೂಲರನ್ನು ಕ್ಯಾಬಿನೆಟ್ಟಿನ ಮುಖಕ್ಕೆ ತಿರುಗಿಸಬೇಡಿ. ತೇವದ ಗಾಳಿಗೆ ಧೂಳು ಕೆಸರಿನಂತೆ ಕಚ್ಚಿಕೊಳ್ಳುತ್ತದೆ.

ಶಾಖ ಸರಿಯಿದ್ದರೂ ಎಡವಿದರೆ ಕಂಪ್ಯೂಟರಿನ ಕೆಲಸದ ಮೆಮೊರಿಯಾದ ರ್‍ಯಾಮ್ ನೋಡಿ. 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಒಳ್ಳೆಯದು. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. 3200ರ ವೇಗದ ಕಡ್ಡಿ ಕೊಂಡರೂ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಎಂಬ ರ್‍ಯಾಮ್ ವೇಗದ ಆಯ್ಕೆ ಆನ್ ಮಾಡದಿದ್ದರೆ ಅದು 2133 ಅಥವಾ 2666ರಲ್ಲೇ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರಿನಲ್ಲಿ ಅದು ಕಾಣುತ್ತದೆ.

ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಕಾರ್ಡಿಗೆ ಸೇರಿರಬೇಕು. ಕಾರ್ಡಿನ ಮೆಮೊರಿ ತುಂಬಿದ್ದರೆ ಆಟದ ಸೆಟ್ಟಿಂಗಿನಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಒಂದು ಹಂತ ಇಳಿಸಿ. ಹೊಸ ಆಟ ಅಥವಾ ಹೊಸ ಡ್ರೈವರ್ ಹಾಕಿದ ಮೇಲೆ ಮೊದಲ ಬಾರಿ ಹೋದ ಜಾಗಗಳಲ್ಲಿ ಮಾತ್ರ ಎಡವಿದರೆ ಶೇಡರ್ (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂ) ಸಿದ್ಧವಾಗುತ್ತಿದೆ ಎಂದರ್ಥ. ಎರಡನೆಯ ಸಲ ತಾನಾಗಿ ಸರಿಹೋಗುತ್ತದೆ, ಯಾರದೋ ಮಾತು ಕೇಳಿ, ಸಿದ್ಧವಾದ ಶೇಡರ್ ಕೂಡಿಟ್ಟ ಕ್ಯಾಷ್ ಅಳಿಸುತ್ತಾ ಕೂರಬೇಡಿ. ಮಾನಿಟರ್ 60 ಹರ್ಟ್ಸ್‌ನದಾದರೆ (ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರ ಬದಲಿಸುವಂಥದ್ದು) ಬೇಸಿಗೆಯಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿಬಿಡಿ. ಸೆಕೆಂಡಿಗೆ 110 ಫ್ರೇಮ್ ಮಾಡಿಸಿದರೆ ಹೆಚ್ಚಾಗುವುದು ಕೋಣೆಯ ಬಿಸಿ.

ಇಷ್ಟೆಲ್ಲ ಆದ ಮೇಲೂ, ಉಷ್ಣತೆ ಹಿಡಿತದಲ್ಲಿದ್ದು, ಕಾರ್ಡಿನ ಬಳಕೆ ಸದಾ 97–99 ಪ್ರತಿಶತದಲ್ಲೇ ನಿಂತು, ಫ್ರೇಮ್ ಟೈಮ್ ಗೆರೆ ಸಮನಾಗಿದ್ದರೂ ಎಫ್‌ಪಿಎಸ್ ಮೇಲೇಳದಿದ್ದರೆ, ಕಾರ್ಡಿನ ಶಕ್ತಿಯೇ ಅಷ್ಟು. ಆಗ ನಾನೂ ಬದಲಿಸಿ ಎನ್ನುತ್ತೇನೆ. ಸಂಡೂರಿನ ಹುಡುಗ ಮಾತ್ರ 8 ಜಿಬಿಯ ಇನ್ನೊಂದು ರ್‍ಯಾಮ್ ಕಡ್ಡಿ ಕೊಂಡು, ಹಳೆಯ ಕಾರ್ಡಿನಲ್ಲೇ ಇನ್ನೂ ಆಡುತ್ತಿದ್ದಾನೆ.